ಯಾರೊಡನೆ ಈ ರಾಜಿ?

ನಮ್ಮ ಭಾಗದ ಕೋರ್ಟು-ಕಚೇರಿಗಳಲ್ಲಿ ದಿನವೂ ಕೇಳಿಬರುವ ಮಾತುಗಳಲ್ಲಿ ‘ರಾಜಿ’ ಎಂಬುದೊಂದು. ಅರಬ್ಬಿಯಿಂದ ಹೊರಟು ಪಾರ್ಸಿಯ ಮೂಲಕ ನಮ್ಮ ದಫ್ತರಗಳಿಗೆ ಬಂದ ಈ ಶಬ್ದಕ್ಕೆ ಒಪ್ಪಿದವನು, ತೃಪ್ತನಾದವನು ಎಂದು ಮೂಲದ ಅರ್ಥ. ಹೊಲದ ಬದುವಿಗಾಗಿ ಹತ್ತು ವರುಷ ಬಡಿದಾಡಿದ ಅಣ್ಣತಮ್ಮಂದಿರು ಕೊನೆಗೊಂದು ದಿನ ವಕೀಲರ ಮುಂದೆ ಕುಳಿತು, ನೀನೊಂದು ಮೊಳ ಬಿಡು, ನಾನೊಂದು ಮೊಳ ಬಿಡುತ್ತೇನೆ ಎಂದು ಸಹಿ ಹಾಕಿದರೆ ಅದು ರಾಜಿ. ಇದೇ ಶಬ್ದದಿಂದ ಹುಟ್ಟಿದ ‘ರಾಜೀನಾಮೆ’ಯ ಗತಿಯನ್ನು ನೋಡಿರಿ. ಒಪ್ಪಿಗೆಯ ಪತ್ರ ಎಂದು ಅದರ ಅರ್ಥವಿದ್ದಿತು. ಮುಂಬಯಿ ಇಲಾಖೆಯ ಕಂದಾಯದ ಕಾಗದಗಳಲ್ಲಿ ರೈತನು ತನ್ನ ಭೂಮಿಯನ್ನು ಬಿಟ್ಟುಕೊಡುವ ಪತ್ರಕ್ಕೆ ಆ ಹೆಸರು ಸಂದಿತು. ಈಗ ನೌಕರಿ ಬಿಡುವ ಚೀಟಿಗೆ ಉಳಿದುಕೊಂಡಿದೆ. ಒಪ್ಪುವುದರಿಂದ ಹೊರಟ ಮಾತು ಬಿಡುವುದಕ್ಕೆ ಬಂದು ನಿಂತಿತು.

ರಾಜಿಗೆ ಇಬ್ಬರು ಬೇಕು. ಒಬ್ಬನು ಕೇಳಬೇಕು, ಇನ್ನೊಬ್ಬನು ಬಿಡಬೇಕು. ಎದುರಿಗೆ ಯಾರೂ ಇಲ್ಲದಿರುವಾಗ, ಯಾರೂ ಕೇಳದಿರುವಾಗ, ನಾವಾಗಿಯೇ ನಮ್ಮ ಪಾಲನ್ನು, ಎಷ್ಟೋ ಸಲ ಬೇರೊಬ್ಬರ ಪಾಲನ್ನು, ಬಿಟ್ಟುಕೊಟ್ಟು ಬರುವುದಕ್ಕೆ ಏನೆನ್ನಬೇಕು? ಅದನ್ನೂ ರಾಜಿಯೆಂದೇ ಕರೆಯುತ್ತೇವೆ. ಕೆಲವು ಸಲ ವಿವೇಕವೆಂದೂ ಕರೆದುಕೊಳ್ಳುತ್ತೇವೆ. ಅಂಥದೊಂದು ವಿವೇಕದ ಕೆಲಸವನ್ನು ನಾನು 2024ರ ಜೂನ್ ತಿಂಗಳಲ್ಲಿ ಬೆಳಗಾವಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಮಾಡಿದೆ. ಅದರ ಸಲುವಾಗಿ ನನಗೆ ಮೆಚ್ಚುಗೆಯೂ ಸಿಕ್ಕಿತು. ಆ ಮೆಚ್ಚುಗೆ ಈಗ ಗಂಟಲಿನಲ್ಲಿ ಮುಳ್ಳಿನಂತೆ ನಿಂತಿರುವುದರಿಂದ ಇಷ್ಟು ಬರೆಯುತ್ತಿದ್ದೇನೆ.

ನಮ್ಮದು ಎಂ.ಕೆ. ಹುಬ್ಬಳ್ಳಿ, ಎಂದರೆ ಮುಗುಟಖಾನ ಹುಬ್ಬಳ್ಳಿ. (ಹುಬ್ಬಳ್ಳಿ ಎಂದೊಡನೆ ರೇಲ್ವೆ ಹುಬ್ಬಳ್ಳಿಯನ್ನು ನೆನೆಯುವವರಿಗೆ ಈ ಎರಡಕ್ಷರಗಳನ್ನು ವಿವರಿಸುವುದರಲ್ಲಿಯೇ ನಮ್ಮ ಆಯುಷ್ಯ ಸಾಕಷ್ಟು ಕಳೆದಿದೆ.) ನನ್ನ ತಂಗಿಯನ್ನು ಊರಲ್ಲಿಯೇ ಕೊಟ್ಟಿದೆ. ಅವಳ ಗಂಡ ಮಲಪ್ರಭೆಯ ನೀರಿನ ಮೇಲೆ ಕಬ್ಬು ಬೆಳೆಯುವವನು. ಅವರ ಮಗಳು ವಾಸ್ತುಶಿಲ್ಪ ಓದುತ್ತಾಳೆ. ಐದು ವರುಷದ ಓದಿನ ಕೊನೆಗೆ ಒಂದು ದೊಡ್ಡ ಕೆಲಸವನ್ನು ತಾನಾಗಿ ಆರಿಸಿಕೊಂಡು ಮುಗಿಸಿಕೊಡಬೇಕು. ಅವಳು ಆರಿಸಿಕೊಂಡದ್ದು ಕಿತ್ತೂರಿನ ಕೋಟೆಯೊಳಗಿನ ಹಾಳು ಅರಮನೆ. ಅದರ ದಪ್ಪ ಗೋಡೆಗಳು, ಗೋಡೆಯೊಳಗಿನ ಗೂಡುಗಳು, ಸ್ನಾನದ ಕೋಣೆಗಳು, ನೀರು ಹರಿಸಿದ ಏರ್ಪಾಡು ಎಲ್ಲವನ್ನೂ ಸಾವಿರ ಕಡೆಯಿಂದ ನೋಡಬಹುದಾದ ಒಂದು ಆಕೃತಿಯನ್ನಾಗಿ ಕಂಪ್ಯೂಟರಿನಲ್ಲಿ ಕಟ್ಟಬೇಕೆಂಬುದು ಅವಳ ಹಂಚಿಕೆ. ಇದಕ್ಕೆ ದುಬಾರಿಯ ಅಳತೆ ಯಂತ್ರ ಬೇಕಿಲ್ಲವಂತೆ. ಒಂದೊಂದು ಗೋಡೆಯನ್ನೂ ಹಲವು ಕಡೆಗಳಲ್ಲಿ ನಿಂತು, ಒಂದು ಚಿತ್ರದ ಅಂಚು ಇನ್ನೊಂದರೊಳಗೆ ಬರುವಂತೆ ಫೋಟೋ ತೆಗೆಯಬೇಕು. ಬೇರೆ ಬೇರೆ ಫೋಟೋಗಳಲ್ಲಿ ಕಾಣುವ ಒಂದೇ ಬಿಂದುವನ್ನು ಯಂತ್ರವು ಗುರುತಿಸಿ, ಅದು ಎಷ್ಟು ದೂರದಲ್ಲಿ, ಎಷ್ಟು ಎತ್ತರದಲ್ಲಿ ಇದೆಯೆಂದು ಲೆಕ್ಕ ಹಾಕುತ್ತದೆ. ಫೋಟೋ ಹೆಚ್ಚಿದಷ್ಟೂ, ಸೂಕ್ಷ್ಮವಾದಷ್ಟೂ ಆಕೃತಿ ಸ್ಪಷ್ಟ. ಆದರೆ ಅಷ್ಟು ಭಾರವನ್ನೂ ಯಂತ್ರವು ತನ್ನ ಮೆಮೊರಿಯಲ್ಲಿ ಹೊತ್ತು ನಿಲ್ಲಬೇಕು.

ಆದ್ದರಿಂದ ಬಿಡಿಭಾಗಗಳನ್ನು ಆರಿಸಿ ಜೋಡಿಸಿದ ಯಂತ್ರವೇ ಬೇಕೆಂದಳು. ಹೀಗೆ ಬೇರೆ ಬೇರೆ ಕಂಪನಿಗಳ ಭಾಗಗಳನ್ನು ತಂದು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಲು ಬರುವುದೇ ಒಂದು ವಿಶೇಷ. 1981ರಲ್ಲಿ ಐಬಿಎಂ ಕಂಪನಿಯು ತನ್ನ ಸಣ್ಣ ಕಂಪ್ಯೂಟರಿನ ಒಳಗಿನ ರಚನೆಯನ್ನು ಮುಚ್ಚಿಡದೆ ಪ್ರಕಟಿಸಿದ್ದರಿಂದ ಬೇರೆಯವರೂ ಅದಕ್ಕೆ ಹೊಂದುವ ಭಾಗಗಳನ್ನು ಮಾಡತೊಡಗಿದರು. 1995ರಲ್ಲಿ ಇಂಟೆಲ್ ಗೊತ್ತುಮಾಡಿದ ಎಟಿಎಕ್ಸ್ ಎಂಬ ಅಳತೆಗೆ ಇಂದಿಗೂ ಪೆಟ್ಟಿಗೆ, ಬೋರ್ಡುಗಳು ಒಂದಕ್ಕೊಂದು ಕೂಡುತ್ತವೆ. ಸಿದ್ಧವಾಗಿ ಬಂದ ಯಂತ್ರದಲ್ಲಿ ಎಲ್ಲಿ ಎಷ್ಟು ಕಡಿಮೆ ಮಾಡಬೇಕೆಂಬುದನ್ನು ಮಾಡಿದವನು ಮೊದಲೇ ನಿರ್ಧರಿಸಿಬಿಟ್ಟಿರುತ್ತಾನೆ. ಜೋಡಿಸಿದ್ದರಲ್ಲಿ ಆ ನಿರ್ಧಾರ ನಮ್ಮದು. ಸ್ವಾತಂತ್ರ್ಯವೆಂದರೂ ಇದೇ, ಪರೀಕ್ಷೆಯೆಂದರೂ ಇದೇ.

ತಂಗಿಯ ಗಂಡ ಕಬ್ಬಿನ ಬಿಲ್ಲಿನಿಂದ 85,000 ರೂಪಾಯಿ ತೆಗೆದು ನನ್ನ ಕೈಗೆ ಕೊಟ್ಟ. “ನಿಮಗ ತಿಳೀತದ್ರಿ, ನೋಡಿ ಕೊಡಿಸ್ರಿ” ಎಂದ. ನನಗೆ ಏನು ತಿಳಿಯುತ್ತದೆ? ಕನ್ನಡ ಪಾಠ ಹೇಳುವವನು ನಾನು. ಹದಿನೈದು ವರುಷದಿಂದ ಟಿಪ್ಪಣಿ, ಪ್ರಶ್ನೆಪತ್ರಿಕೆ, ಒಂದೆರಡು ಲೇಖನಗಳನ್ನು ಟೈಪು ಮಾಡಿದ್ದೇ ಈ ಯಂತ್ರದೊಡನೆ ನನ್ನ ಪರಿಚಯ. ಆದರೆ ಹಿರಿಯನೆಂದು ಕರೆದ ಮೇಲೆ ತಿಳಿಯದು ಎನ್ನುವ ಪದ್ಧತಿ ನಮ್ಮಲ್ಲಿಲ್ಲ.

ಹುಡುಗಿ ಗೆರೆಹಾಳೆಯ ಮೇಲೆ ಪಟ್ಟಿ ಬರೆದುಕೊಂಡು ಬಂದಿದ್ದಳು. ಮೊತ್ತ 84,000ದಷ್ಟಾಗಿತ್ತು. ಹಣ ಕಿಸೆಯಲ್ಲಿತ್ತು, ಪಟ್ಟಿ ಹಣದೊಳಗಿತ್ತು. ನಾನು ಏನನ್ನೂ ಮಾಡಬೇಕಾಗಿರಲಿಲ್ಲ. ಅಂಗಡಿಯವನ ಮುಂದೆ ಪಟ್ಟಿಯನ್ನು ಇಟ್ಟು, ಚಹ ಕುಡಿದು ಬಂದಿದ್ದರೆ ಸಾಕಾಗಿತ್ತು. ಆದರೆ ಪೇಟೆಗೆ ಹೋದ ಹಿರಿಯನು ಒಂದಿಷ್ಟು ಕಡಿಮೆ ಮಾಡಿಸದೆ ಬರುವುದುಂಟೆ?

ಮೊದಲು ಮೆಮೊರಿಗೆ ಕೈಹಾಕಿದೆ. ಅವಳು ಬರೆದದ್ದು 16 ಜಿಬಿಯ ಎರಡು ಪಟ್ಟಿಗಳು, ಒಟ್ಟು 32. “ಇಷ್ಟ್ಯಾಕವಾ? ನನ್ನ ಕಂಪ್ಯೂಟರಿನಾಗ ಎಂಟೇ ಐತಿ, ಏನ್ ಕಡಿಮಿ ಆಗೇತಿ?” ಎಂದೆ. ಅವಳು ಮೆಲ್ಲಗೆ, “ಮಾಮಾ, ಅದೊಂದು ಕಡಿಮಿ ಮಾಡಬ್ಯಾಡ್ರಿ” ಎಂದಳು. “ಬೇಕಾದ್ರ ಆಮ್ಯಾಲೆ ಹಾಕಿಸಿದ್ರಾತು ಬಿಡು” ಎಂದು 8ರ ಒಂದೇ ಒಂದು ಪಟ್ಟಿಗೆ ಇಳಿಸಿದೆ. ಮೆಮೊರಿಗೆ ನಾಲ್ಕು ಖಾನೆಗಳಿರುವ ಮದರ್‌ಬೋರ್ಡ್ ಬರೆದಿದ್ದಳು. ಎರಡು ಖಾನೆಯದು 3,000 ಕಡಿಮೆಗೆ ಸಿಗುವುದೆಂದು ತಿಳಿದು ಅದನ್ನು ಹಿಡಿದೆ. ಆಮೇಲೆ ಹಾಕಿಸಬಹುದೆಂದು ಹೇಳಿದ ಬಾಯಿಂದಲೇ, ಆಮೇಲೆ ಹಾಕಿಸುವ ಜಾಗವನ್ನೂ ಕಡಿಮೆ ಮಾಡಿಸಿದೆನಲ್ಲ ಎಂಬುದು ಆಗ ಹೊಳೆಯಲಿಲ್ಲ.

ಇಷ್ಟೆಲ್ಲ ಉಳಿಸಿದವನು ಕ್ಯಾಬಿನೆಟ್ಟಿನ ಮುಂದೆ ಬಂದಾಗ ಉದಾರಿಯಾದೆ! ಅವಳು ಬರೆದದ್ದು ಮುಂದೆ ಜಾಳಿಗೆಯಿರುವ, ನೋಡಲು ಮೊಟ್ಟೆಯಂತಿದ್ದ ಒಂದು ಕರಿಯ ಪೆಟ್ಟಿಗೆ. ಪಕ್ಕದಲ್ಲಿಯೇ ಗಾಜಿನ ಮುಖದ, ಒಳಗೆ ಬಣ್ಣಬಣ್ಣದ ದೀಪ ಉರಿಯುವ ಇನ್ನೊಂದಿತ್ತು. 2,000 ಹೆಚ್ಚು. “ಮನಿಗೆ ಬಂದವರು ನೋಡಿದ್ರ ಛಲೋ ಕಾಣ್ತದ” ಎಂದು ಅದನ್ನು ಕೊಡಿಸಿದೆ. ಜಾಳಿಗೆಯ ಮೂಲಕ ತಂಗಾಳಿ ಒಳಗೆ ಹೋಗಬೇಕು, ಗಾಜು ಅದನ್ನು ತಡೆಯುತ್ತದೆ, ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಗಾಜಿನ ಮುಖ ತಕ್ಕದ್ದಲ್ಲ ಎಂಬ ಲೆಕ್ಕ ಅವಳದು. ನನ್ನದು ಬಂದವರು ನೋಡುವ ಲೆಕ್ಕ.

ಇನ್ನೂ ಒಂದು ಕತ್ತರಿಯನ್ನು ಹಾಕುವವನಿದ್ದೆ. ವಿದ್ಯುತ್ತನ್ನು ಒಳಗಿನ ಭಾಗಗಳಿಗೆ ಹಂಚುವ ಎಸ್‌ಎಂಪಿಎಸ್ ಎಂಬುದೊಂದು ಡಬ್ಬಿ ಇರುತ್ತದೆ. ಗೋಡೆಯಿಂದ ಬರುವ 230 ವೋಲ್ಟನ್ನು 12, 5, 3.3 ವೋಲ್ಟುಗಳಿಗೆ ಇಳಿಸಿ ಕೊಡುವುದು ಅದರ ಕೆಲಸ. ಅದು ಹಾಳಾಗುವಾಗ ತಾನೊಂದೇ ಹೋಗದೆ ಬೋರ್ಡು, ಕಾರ್ಡುಗಳನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ನೂರಕ್ಕೆ ಎಂಬತ್ತಕ್ಕಿಂತ ಕಡಿಮೆಯಿಲ್ಲದಂತೆ ವಿದ್ಯುತ್ತನ್ನು ಸಾರ್ಥಕ ಮಾಡುವ ಡಬ್ಬಿಗಳಿಗೆ ಗುರುತು ಹಾಕುವ ‘80 ಪ್ಲಸ್’ ಎಂಬ ಪದ್ಧತಿ 2004ರಿಂದ ಇದೆ. ಅವಳು ಅಂಥ ಗುರುತಿನದನ್ನೇ ಬರೆದಿದ್ದಳು. ಗುರುತಿಲ್ಲದ ಒಂದು ಅರ್ಧ ಬೆಲೆಗೆ ಇತ್ತು. ಅದನ್ನು ಕೈಗೆತ್ತಿಕೊಂಡೆ. ಅಂಗಡಿಯವನು ನನಗಿಂತ ಇಪ್ಪತ್ತು ವರುಷ ಚಿಕ್ಕವನು. ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಕಪಾಟಿನಲ್ಲಿ ಮರಳಿ ಇಟ್ಟ.

“ಸರ್, ಬ್ಯಾರೆ ಏನ್ ಬೇಕಾದ್ರೂ ಕಡಿಮಿ ಮಾಡ್ರಿ. ಇಂಥಾ ಗ್ರಾಫಿಕ್ಸ್ ಕಾರ್ಡಿಗೆ ಅದನ್ನ ಹಾಕಿ ನಾ ಕಳ್ಸೂದಿಲ್ರಿ. ಅದs ಬೇಕಂದ್ರ ಬ್ಯಾರೆ ಅಂಗಡಿ ನೋಡ್ರಿ.”

ಹೆಚ್ಚಿನದನ್ನು ಮಾರುವ ಉಪಾಯವಿದು ಎಂದುಕೊಂಡೆ. ಆದರೂ ಬಿಟ್ಟುಕೊಟ್ಟೆ. ಆ ದಿನ ಆ ಅಂಗಡಿಯಲ್ಲಿ ನಿಜವಾದ ಅರ್ಥದಲ್ಲಿ ನಡೆದ ರಾಜಿ ಅದೊಂದೇ ಎಂದು ಈಗ ತೋರುತ್ತದೆ. ಎದುರಿಗೆ ಒಬ್ಬನಿದ್ದ, ಅವನಿಗೊಂದು ಗೆರೆಯಿತ್ತು, ಗಿರಾಕಿ ಹೋದರೂ ಸರಿ ಎಂದು ಅವನು ಅದರ ಮೇಲೆ ನಿಂತ. ಎರಡು ಬೇಸಿಗೆಯ ವೋಲ್ಟೇಜಿನ ಏರಿಳಿತವನ್ನು ದಾಟಿ ಯಂತ್ರ ಇಂದಿಗೂ ನಡೆಯುತ್ತಿದ್ದರೆ ಅದು ಅವನ ಹಟದಿಂದ.

8,000 ರೂಪಾಯಿ ಉಳಿಯಿತು. ಸಂಜೆ ಅದನ್ನು ಎಣಿಸಿ ತಂಗಿಯ ಗಂಡನ ಕೈಗೆ ಕೊಟ್ಟಾಗ ಅವನ ಮುಖ ಅರಳಿತು. ತಂಗಿಯು ಸಜ್ಜಕ ಮಾಡಿದಳು. ಹುಡುಗಿ ದೀಪ ಉರಿಯುವ ಪೆಟ್ಟಿಗೆಯನ್ನು ಒಳಗೆ ಒಯ್ದಳು.

ಒಂದು ವರುಷದ ಮೇಲೆ, 2025ರ ದೀಪಾವಳಿಗೆ ಅವರ ಮನೆಗೆ ಹೋದಾಗ, ಅರಮನೆ ಎಲ್ಲಿಗೆ ಬಂತೆಂದು ಕೇಳಿದೆ. ತೋರಿಸಿದಳು. ಕಂಡದ್ದು ಅರಮನೆಯಲ್ಲ, ಒಂದು ಕೋಣೆ. ಅದರ ಗೋಡೆಗಳೂ ಮಳೆಗೆ ನೆನೆದ ಮಣ್ಣಿನ ಬಸವಣ್ಣನಂತೆ ನುಣ್ಣಗಾಗಿದ್ದವು. ಗಾರೆ ಬಿಟ್ಟ ಜಾಗ, ಗೂಡಿನ ಅಂಚು, ಗೋಡೆ ಗೋಡೆಗೆ ಕೂಡುವ ಮೂಲೆ ಒಂದೂ ಹರಿತವಾಗಿರಲಿಲ್ಲ. ಫೋಟೋ ಎಷ್ಟು ತೆಗೆದಿದ್ದಿ ಎಂದೆ. ಎರಡು ತಿಂಗಳು ರವಿವಾರ ರವಿವಾರ ಬಸ್ಸಿನಲ್ಲಿ ಕಿತ್ತೂರಿಗೆ ಹೋಗಿ 640 ತೆಗೆದಿದ್ದಳು. ಬಳಸಿದ್ದು 90, ಅವನ್ನೂ ಅರ್ಧಕ್ಕೆ ಕುಗ್ಗಿಸಿ.

“ಯಾಕವ್ವಾ?”

“ಮಶಿನ್ ತಡೀಲಿಲ್ರಿ ಮಾಮಾ. ಅದಕ್ಕ ನಾನs ಕಡಿಮಿ ಮಾಡ್ಕೊಂಡೆ.”

ದೂರಿನ ದನಿಯಲ್ಲಿ ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು. ಮಳೆ ಬಂತು, ಅದಕ್ಕೆ ಕೊಡೆ ಬಿಡಿಸಿದೆ ಎನ್ನುವಷ್ಟು ಸಹಜವಾಗಿ ಹೇಳಿದಳು. ಮೆಮೊರಿ ತುಂಬಿದ ಮೇಲೆ ಯಂತ್ರವು ಉಳಿದದ್ದನ್ನು ಒಳಗಿನ ಸಂಗ್ರಹಕ್ಕೆ ಬರೆದು ಮತ್ತೆ ಓದತೊಡಗುತ್ತದೆ. ಅದು ಬಹು ಪಟ್ಟು ನಿಧಾನ. ರಾತ್ರಿ ಹಚ್ಚಿಟ್ಟ ಕೆಲಸ ಬೆಳಗಿಗೆ ಅರ್ಧದಲ್ಲಿ ನಿಂತಿರುತ್ತಿತ್ತಂತೆ. ಹಲವು ರಾತ್ರಿ ನೋಡಿ, ಫೋಟೋಗಳನ್ನು ಕಡಿಮೆ ಮಾಡಿದಳು, ಆಮೇಲೆ ಕುಗ್ಗಿಸಿದಳು, ಕೊನೆಗೆ ವಿಷಯದ ಹೆಸರನ್ನೇ ಬದಲಿಸಿ, ಅರಮನೆಯ ಬದಲು ಅರಮನೆಯ ಒಂದು ಕೋಣೆ ಎಂದು ಬರೆದುಕೊಟ್ಟಳು. ನಾನು ಅಂಗಡಿಯಲ್ಲಿ ಕತ್ತರಿಸಿದ್ದು 24 ಜಿಬಿಯನ್ನಲ್ಲ, 550 ಫೋಟೋಗಳನ್ನು. ಎರಡು ತಿಂಗಳ ರವಿವಾರಗಳನ್ನು.

ಅವತ್ತು ಅವಳ ಮೇಜಿನ ಮೇಲೆ ಆ ಗೆರೆಹಾಳೆ ಪುಸ್ತಕದೊಳಗೆ ಗುರುತಿಗೆಂದು ಇಟ್ಟದ್ದು ಕಂಡಿತು. ಅಂಗಡಿಯಲ್ಲಿ ನಾನು ಅದರಲ್ಲಿಯ ಬೆಲೆಗಳನ್ನಷ್ಟೇ ಓದಿದ್ದೆ. ಒಂದೊಂದು ಸಾಲಿನ ಮುಂದೆಯೂ ಸಣ್ಣ ಅಕ್ಷರದಲ್ಲಿ ಕಾರಣ ಬರೆದಿದ್ದಳು. ಪ್ರೊಸೆಸರ್: ಹಿಂದಿನ ಪೀಳಿಗೆಯದು ಸಾಕು, ಅಂತರ ಹೆಚ್ಚಿಲ್ಲ. ಮಾನಿಟರ್: ಅಣ್ಣನ ಹಳೆಯದು ನಡೆಯುತ್ತದೆ. ಕ್ಯಾಬಿನೆಟ್: ದೀಪ ಬೇಡ, ಮುಂದೆ ಜಾಳಿಗೆ ಇರಲಿ. ಮೆಮೊರಿ: ಇದರಲ್ಲಿ ಮಾತ್ರ ಕಡಿಮೆ ಬೇಡ. ಆ ಹಾಳೆಯೇ ಒಂದು ರಾಜಿಪತ್ರವಾಗಿತ್ತು! ತಂದೆಯ ಕಬ್ಬಿನ ಬಿಲ್ಲಿನೊಡನೆ, ಮಾರುಕಟ್ಟೆಯೊಡನೆ, ತನ್ನ ಕೆಲಸದ ಭಾರದೊಡನೆ ಅವಳು ಆಗಲೇ ವ್ಯವಹಾರ ಮುಗಿಸಿಕೊಂಡು ಬಂದಿದ್ದಳು. ಎಲ್ಲಿ ಬಿಡಬಹುದೋ ಅಲ್ಲೆಲ್ಲ ಬಿಟ್ಟು, ಎಲ್ಲಿ ಬಿಡಬಾರದೋ ಅಲ್ಲಿ ನಿಂತಿದ್ದಳು. ಮುಗಿದ ರಾಜಿಯ ಮೇಲೆ ನಾನು ಎರಡನೆಯ ರಾಜಿಯನ್ನು ಮಾಡಿಸಿದೆ. ಯಾರೊಡನೆ? ಅಲ್ಲಿ ಎದುರುಪಕ್ಷವೇ ಇರಲಿಲ್ಲ.

ಇಂಗ್ಲೆಂಡಿನ ಜಾನ್ ಮಾರ್ಲೆ 1874ರಲ್ಲಿ ರಾಜಿಯ ವಿಷಯವಾಗಿಯೇ ಒಂದು ಪುಸ್ತಕ ಬರೆದ. ಮುಂದೆ ಭಾರತದ ಮಂತ್ರಿಯಾಗಿ, 1909ರ ಮಾರ್ಲೆ-ಮಿಂಟೋ ಸುಧಾರಣೆಗಳಿಂದ ನಮ್ಮ ಇತಿಹಾಸದ ಪುಸ್ತಕಗಳಿಗೆ ಬಂದವನೇ ಈತ. ಅಭಿಪ್ರಾಯವನ್ನು ರೂಪಿಸಿಕೊಳ್ಳುವುದು, ಅದನ್ನು ಹೇಳುವುದು, ಅದನ್ನು ಲೋಕದಲ್ಲಿ ನಡೆಸುವುದು ಎಂದು ಮೂರು ನೆಲೆಗಳನ್ನು ಅವನು ಬೇರೆ ಬೇರೆಯಾಗಿ ಇಟ್ಟು ನೋಡುತ್ತಾನೆ. ನಡೆಸುವಾಗ ಲೋಕವು ಎಷ್ಟು ಬಿಟ್ಟರೆ ಅಷ್ಟು. ಆದರೆ ವಿಚಾರ ಮಾಡುವಾಗಲೇ ಲೋಕಕ್ಕೆ ಅಂಜಿ ಅರ್ಧ ವಿಚಾರ ಮಾಡುವುದು ಅವನಿಗೆ ಒಪ್ಪಿಗೆಯಿಲ್ಲ. ಮಾರ್ಲೆಯನ್ನು ಕಂಪ್ಯೂಟರ್ ಅಂಗಡಿಗೆ ಕರೆತಂದದ್ದಕ್ಕೆ ಓದುಗರು ಕ್ಷಮಿಸಬೇಕು. ಆದರೆ ನಾವು ಹೆಚ್ಚಾಗಿ ರಾಜಿಯಾಗುವುದು ಅಂಗಡಿಯಲ್ಲಿ ಅಲ್ಲ, ಮನೆಯಿಂದ ಹೊರಡುವ ಮೊದಲೇ, ತಲೆಯೊಳಗೆ. ಬೆಲೆ ಕೇಳುವ ಮುಂಚೆಯೇ ‘ನಮಗ್ಯಾಕ ಬೇಕು ಅದು’ ಎಂದಿರುತ್ತೇವೆ. ಬೇಕಾದದ್ದು ಏನೆಂದು ಪೂರ್ತಿಯಾಗಿ ಬರೆದುಕೊಂಡು, ಆಮೇಲೆ ಕೈಲಾಗದ್ದನ್ನು ಹೊಡೆದುಹಾಕುವವನಿಗೆ ತಾನು ಏನನ್ನು ಬಿಟ್ಟೆನೆಂಬುದಾದರೂ ತಿಳಿದಿರುತ್ತದೆ. ಮೊದಲೇ ಬರೆಯದವನಿಗೆ ಅದೂ ಇಲ್ಲ.

ಮಿತವ್ಯಯವು ನಮ್ಮ ಹಿರಿಯರ ಧರ್ಮವಲ್ಲವೇ ಎಂದು ಕೇಳಬಹುದು. ಗಂಗಾಂಬಿಕೆಯ ಐಕ್ಯಸ್ಥಳವಿರುವ ಊರಿನವನು ನಾನು. ಶರಣರ ಮಾತನ್ನು ತಳ್ಳಿಹಾಕಲಾರೆ. ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ಗೊತ್ತು. ಬಸವಣ್ಣನ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಚೆಲ್ಲಿಬರಲು ಹೇಳಿದಳು. ಈ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ‘ಸಾಕು’ ಎನ್ನುವುದರ ಮಹಿಮೆಯೆಂದು. ಲಕ್ಕಮ್ಮನಿಗೆ ಹೆಚ್ಚಾದದ್ದು ಹೇಗೆ ತಿಳಿಯಿತು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಅವಳಿಗೆ ಆ ದಿನದ ದಾಸೋಹಕ್ಕೆ ಎಷ್ಟು ಬೇಕೆಂಬ ಅಳತೆ ಗೊತ್ತಿತ್ತು. ಮಾರಯ್ಯ ಕಡಿಮೆ ತಂದಿದ್ದರೂ ಅವಳು ಅಷ್ಟೇ ಬೇಗ ಗುರುತಿಸುತ್ತಿದ್ದಳು. ನಾನು ‘ಎಂಟು ಸಾಕು’ ಎಂದಾಗ ನನಗೆ ಅರಮನೆಯ ಅಳತೆ ಗೊತ್ತಿರಲಿಲ್ಲ. ನನ್ನ ಪ್ರಶ್ನೆಪತ್ರಿಕೆಯ ಅಳತೆ ಗೊತ್ತಿತ್ತು.

ಕಿತ್ತೂರಿನ ಹೆಸರು ಬಂದ ಮೇಲೆ ರಾಣಿ ಚನ್ನಮ್ಮನನ್ನು ಸಾಕ್ಷಿಗೆ ಕರೆಯುವ ಆಸೆ ಈ ಭಾಗದ ಲೇಖಕನಿಗೆ ಬಿಡುವುದಿಲ್ಲ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದ ಕೋಟೆಯೆದುರು ನಿಂತು, ಮೆಮೊರಿ ಪಟ್ಟಿಯಲ್ಲಿಯೂ ರಾಜಿ ಮಾಡಿಕೊಳ್ಳಬಾರದು ಎಂದು ಭಾಷಣ ಮಾಡಿದರೆ ಕೋಟೆಯ ಕಲ್ಲುಗಳೂ ನಕ್ಕಾವು. ಒಂದು ಮಾತನ್ನಷ್ಟೇ ನೆನೆಯುತ್ತೇನೆ. ಕತ್ತಿ ಹಿಡಿಯುವ ಮೊದಲು ಆಕೆ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್ನನಿಗೆ ಪತ್ರ ಬರೆದು ಕೇಳಿಕೊಂಡಿದ್ದಳು. ಎದುರಿಗೆ ಒಬ್ಬನಿದ್ದಾಗ ಮಾತುಕತೆಗೆ ಆಕೆ ಹಿಂಜರಿದವಳಲ್ಲ.

ಡಿಸೆಂಬರಿನಲ್ಲಿ ‘ಆಮ್ಯಾಲೆ ಹಾಕಿಸಿದ್ರಾತು’ ಎಂದ ಮಾತನ್ನು ನಡೆಸೋಣವೆಂದು ಅದೇ ಅಂಗಡಿಗೆ ಹೋದೆ. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳಿಗೆ ಮಾಲು ಹೋಗತೊಡಗಿ, 2025ರ ಕೊನೆಗೆ ಲೋಕದಲ್ಲೆಲ್ಲ ಮೆಮೊರಿಯ ಬೆಲೆ ಎರಡು ಪಟ್ಟನ್ನು ದಾಟಿ ಏರಿತ್ತು. ಅಂದು ಎರಡು ಪಟ್ಟಿಗಳಿಗೆ ಕೇಳಿದ್ದ ಹಣಕ್ಕೆ ಇಂದು ಒಂದೂ ಬಾರದು. ಇದ್ದ ಎರಡು ಖಾನೆಗಳಲ್ಲಿ ಒಂದರೊಳಗೆ ಹಳೆಯ 8 ಕುಳಿತಿತ್ತು. ಉಳಿದೊಂದಕ್ಕೆ 16ರದೊಂದನ್ನು ನನ್ನ ಸಂಬಳದಿಂದ ಕೊಡಿಸಿದೆ. 32 ಆಗಲಿಲ್ಲ, 24 ಆಯಿತು. ಅಂಗಡಿಯವನು ಪೆಟ್ಟಿಗೆಯ ಮುಂದಿನ ಗಾಜನ್ನು ಬಿಚ್ಚಿ, “ಇದನ್ನ ಬಿಚ್ಚೇ ಇಡ್ರಿ, ಗಾಳಿ ಆಡ್ಲಿ” ಎಂದ. ಹುಡುಗಿ ಮತ್ತೆ ಫೋಟೋಗಳನ್ನು ಹಾಕತೊಡಗಿದ್ದಾಳೆ. ಮುನ್ನೂರರವರೆಗೆ ಯಂತ್ರ ತಡೆಯುತ್ತದಂತೆ. ಸ್ನಾನದ ಕೋಣೆಯ ಗೋಡೆಯ ಮೇಲೆ ಗಾರೆಯ ಅಂಚು ಕಾಣತೊಡಗಿದೆ.

ಇನ್ನೊಂದು ಮಾತನ್ನು ಬರೆಯದೆ ತಪ್ಪಿಸಿಕೊಳ್ಳಬೇಕೆಂದಿದ್ದೆ. ಅವಳ ಅಣ್ಣನಿಗೆ ಲ್ಯಾಪ್‌ಟಾಪ್ ಕೊಳ್ಳುವಾಗಲೂ ಹಿರಿಯನಾಗಿ ಹೋದವನು ನಾನೇ. ಅವನು ಪಟ್ಟಿಯನ್ನು ಬರೆದಿರಲಿಲ್ಲ, ಕಾರಣಗಳನ್ನೂ ಬರೆದಿರಲಿಲ್ಲ. ಬೆರಳು ಮಾಡಿ ತೋರಿಸಿದ. ಕೊಡಿಸಿ ಬಂದೆವು. ಆಗ ನನ್ನ ಬಾಯಿಂದ ‘ಸಾಕು’ ಎಂಬ ಮಾತು ಬರಲಿಲ್ಲ. ‘ಹೊಂದಿಕೊಂಡು ಹೋಗಬೇಕು’ ಎಂದು ನಮ್ಮ ಮನೆಗಳಲ್ಲಿ ಯಾರಿಗೆ ಹೇಳುತ್ತಾರೆಂಬುದು ಎಲ್ಲರಿಗೂ ಗೊತ್ತಿರುವುದೇ. ಎದುರುಪಕ್ಷವಿಲ್ಲದ ರಾಜಿಗೆ ಸಹಿ ಹಾಕುವವರು ಬೇಕಲ್ಲ. ನಮ್ಮ ಮನೆಯ ಹುಡುಗಿಯರು ಸಿಕ್ಕುತ್ತಾರೆ. ಇದನ್ನು ಯೋಚಿಸಿ ಮಾಡಿದೆನೆಂದಲ್ಲ. ಯೋಚಿಸದೆ ಬಂತೆಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ.

ಮೊನ್ನೆ ಬೈಲಹೊಂಗಲದಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ತಂಗಿಯ ಗಂಡ ಪಕ್ಕದವರಿಗೆ, “ಪ್ಯಾಟ್ಯಾಗ ವ್ಯವಹಾರ ಮಾಡೂದಂದ್ರ ನಮ್ಮ ಮಾಸ್ತರ ಕಡೆ ಕಲೀಬೇಕ್ರಿ. ಎಂಟು ಸಾವಿರ ಉಳಿಸಿ ತಂದ್ರು ನೋಡ್ರಿ” ಎಂದು ಹೇಳುತ್ತಿದ್ದ. ಆ ಎಂಟು ಸಾವಿರದ ನಿಜವಾದ ಲೆಕ್ಕವನ್ನು ಅವನಿಗೆ ನಾನಿನ್ನೂ ಹೇಳಿಲ್ಲ. ಬಡಿಸುತ್ತ ಬಂದ ಹುಡುಗಿ ನನ್ನ ಮುಖ ನೋಡಿದಳು. “ಮಾಮಾ, ಇನ್ನೊಂದು ಹೋಳಿಗಿ ಹಾಕ್ಲೇನ್ರಿ?” ಎಂದಳು. ಬೇಡವೆನ್ನಲು ಕೈ ಅಡ್ಡ ಹಿಡಿದೆ. ಅವಳು ಹಾಕಿಯೇ ಮುಂದೆ ಹೋದಳು.